ನಾವು ಯಾವ ಪಕ್ಷದವರು?

ರಾಣೇಬೆನ್ನೂರಿನಲ್ಲಿ ಸಂಜೆಯ ಹೊತ್ತು ನಾನು ಮಕ್ಕಳಿಗೆ ಕುರ್‌ಆನ್ ಓದಲು ಕಲಿಸುತ್ತೇನೆ. ಒಂದು ದಿನ ಪಾಠ ಮುಗಿದ ಮೇಲೆ ಹತ್ತು ವರ್ಷದ ಹುಡುಗನೊಬ್ಬ ರೆಹಾಲನ್ನು ಮಡಚುತ್ತಾ ಕೇಳಿದ: "ಹಜರತ್, ನಾವು ಯಾವ ಪಾರ್ಟಿಯವ್ರರೀ?"

ನಾನು ತಕ್ಷಣ ಉತ್ತರಿಸಲಿಲ್ಲ. ನಾವು ಯಾವ ಮಝ್‌ಹಬಿನವರು, ಯಾವ ಊರಿನವರು ಎಂದು ಕೇಳುವ ಧಾಟಿಯಲ್ಲೇ ಅವನು ಅದನ್ನು ಕೇಳಿದ್ದ. ಅವನಿಗೆ ಮತದಾನದ ಹಕ್ಕು ಬರಲು ಇನ್ನೂ ಎಂಟು ವರ್ಷಗಳಿವೆ. ಆದರೆ ತನಗೊಂದು ಪಕ್ಷ ಈಗಾಗಲೇ ಇದೆ, ಅದು ಯಾವುದೆಂದು ಹಿರಿಯರಿಂದ ತಿಳಿದುಕೊಂಡರೆ ಸಾಕು ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ.

ಓದುಗ ಬಂಧುಗಳೇ, ಹುಡುಗನ ಮಾತಿಗೆ ನಗುವ ಮುನ್ನ ನಮ್ಮನ್ನೇ ಕೇಳಿಕೊಳ್ಳೋಣ. ನಮ್ಮ ರಾಜಕೀಯ ನಿಲುವು ನಮಗೆ ಬಂದದ್ದು ಎಲ್ಲಿಂದ? ನಾವು ಯೋಚಿಸಿ ಅದನ್ನು ಆರಿಸಿಕೊಂಡೆವೇ ಅಥವಾ ಅದೇ ನಮ್ಮನ್ನು ಹುಡುಕಿಕೊಂಡು ಬಂತೇ? ಕೇಳದೆ ಬಂದ ನಿಲುವಿಗೆ ನಾಳೆ ಅಲ್ಲಾಹನ ಮುಂದೆ ಉತ್ತರಿಸಬೇಕಾದವರು ಯಾರು?

ಮತವೆಂಬುದು ಸಾಕ್ಷ್ಯ

ನಮ್ಮ ಉಲಮಾಗಳು ಮತ ನೀಡುವುದನ್ನು ಸಾಕ್ಷ್ಯ ನುಡಿಯುವುದಕ್ಕೆ ಹೋಲಿಸಿದ್ದಾರೆ. ಮತ ನೀಡುವವನು 'ಈ ಹೊಣೆಗೆ ಈ ವ್ಯಕ್ತಿ ಅರ್ಹ' ಎಂದು ಸಾಕ್ಷಿ ಹೇಳುತ್ತಾನೆ. ಚುನಾವಣೆ ಬಂದಾಗಲೆಲ್ಲ ಈ ಹೋಲಿಕೆಯನ್ನು ಮಿಂಬರಿನಿಂದ ಕೇಳುತ್ತೇವೆ. ಆದರೆ ಅದನ್ನು ಮುಂದಕ್ಕೆ ಕೊಂಡೊಯ್ದು, 'ಹಾಗಾದರೆ ಸಾಕ್ಷಿಯ ನಿಯಮಗಳು ನಮಗೂ ಅನ್ವಯಿಸಬೇಕಲ್ಲವೇ?' ಎಂದು ಕೇಳುವವರು ಕಡಿಮೆ.

ಹನಫೀ ಫಿಕ್ಹ್ ಗ್ರಂಥಗಳಲ್ಲಿ 'ಶಹಾದತ್' ಎಂಬ ಅಧ್ಯಾಯವಿದೆ. ಯಾರ ಸಾಕ್ಷ್ಯವನ್ನು ಖಾಝಿಯು ಸ್ವೀಕರಿಸಬಾರದೆಂದು ಅಲ್ಲಿ ವಿವರಿಸಲಾಗಿದೆ. ಮಗನ ಪರವಾಗಿ ತಂದೆಯ ಸಾಕ್ಷ್ಯವಾಗಲಿ, ತಂದೆಯ ಪರವಾಗಿ ಮಗನ ಸಾಕ್ಷ್ಯವಾಗಲಿ ಸಲ್ಲದು. ಲೌಕಿಕ ವೈರವಿರುವವನು ತನ್ನ ವೈರಿಯ ವಿರುದ್ಧ ನುಡಿಯುವ ಸಾಕ್ಷ್ಯ ಸಲ್ಲದು. ಪಾಲುಗಾರಿಕೆಯ ವ್ಯವಹಾರದಲ್ಲಿ ಒಬ್ಬ ಪಾಲುಗಾರ ಇನ್ನೊಬ್ಬನ ಪರವಾಗಿ ನುಡಿಯುವ ಸಾಕ್ಷ್ಯವೂ ಸಲ್ಲದು. ಇವರೆಲ್ಲ ಸುಳ್ಳರೆಂದು ಫಿಕ್ಹ್ ಹೇಳುವುದಿಲ್ಲ. ಅವರು ನಿಜವನ್ನೇ ಹೇಳುತ್ತಿರಬಹುದು. ಆದರೆ ರಕ್ತಸಂಬಂಧ, ವೈರ ಮತ್ತು ಲಾಭ ಮನುಷ್ಯನ ಕಣ್ಣಿಗೆ ಪೊರೆ ಕಟ್ಟುತ್ತವೆ. ಅದರ ಅರಿವು ಅವನಿಗೇ ಇರುವುದಿಲ್ಲ.

ನಮ್ಮ ರಾಜಕೀಯ ನಿಲುವುಗಳು ಒಳಬರುವುದು ಹೆಚ್ಚಾಗಿ ಈ ಮೂರು ಬಾಗಿಲುಗಳಿಂದಲೇ. ಮನೆ, ಗಾಯ ಮತ್ತು ಅನ್ನ. ಖಾಝಿಯು ಸಂಶಯದಿಂದ ನೋಡುವ ಸಾಕ್ಷಿಗಳನ್ನೇ ನಾವು ನಮ್ಮ ಅಂತರಂಗದಲ್ಲಿ ಪ್ರಶ್ನಿಸದೆ ಒಪ್ಪಿಕೊಂಡಿದ್ದೇವೆ.

ಮನೆ

ನನ್ನ ಅಜ್ಜ ಬ್ಯಾಡಗಿ ತಾಲೂಕಿನ ಹಳ್ಳಿಯೊಂದರಲ್ಲಿ ಗೇಣಿಗೆ ಹೊಲ ಮಾಡುತ್ತಿದ್ದರು. 1974ರ ಮಾರ್ಚ್ 1ರಿಂದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಗೇಣಿದಾರರು ಏಳನೇ ನಮೂನೆಯ ಅರ್ಜಿ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ. ಅರ್ಜಿ ಬರೆದುಕೊಟ್ಟವರು ಊರಿನ ಶಾಲೆಯ ಮಾಸ್ತರರು. ಹೊಲ ಅಜ್ಜನ ಹೆಸರಿಗೆ ಬಂತು. ಅಂದಿನಿಂದ ಸಾಯುವವರೆಗೂ ಅವರು ದೇವರಾಜ ಅರಸರ ಪಕ್ಷಕ್ಕೆ, ಅರಸರು ಅದನ್ನು ಬಿಟ್ಟ ಮೇಲೂ, ಮತ ಹಾಕಿದರು. ಅವರ ಬಳಿ ಒಂದು ಕಾರಣವಿತ್ತು, ಆ ಕಾರಣದ ಮೇಲೆ ಅವರು ಪ್ರತಿದಿನ ನೇಗಿಲು ಹೂಡುತ್ತಿದ್ದರು.

ನನ್ನ ಅಬ್ಬಾ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದವರು. ಹೊಲ ಅಷ್ಟರಲ್ಲಿ ಪಾಲಾಗಿ, ನನ್ನ ಅತ್ತೆಯಂದಿರ ಮದುವೆಯ ಸಾಲಕ್ಕೆ ಮಾರಾಟವಾಗಿತ್ತು. ಅಬ್ಬಾ ಕೂಡ ಅಲ್ಲೇ ಮತ ಹಾಕಿದರು. ಏಕೆಂದು ಕೇಳಿದರೆ ಅಜ್ಜನ ಹೆಸರು ಹೇಳುತ್ತಿದ್ದರು. ನನ್ನ ಪಾಲಿಗೆ ಬಂದಾಗ ಹೊಲವೂ ಇರಲಿಲ್ಲ, ಅಜ್ಜನೂ ಇರಲಿಲ್ಲ. ಉಳಿದದ್ದು ಬರಿಯ ಚಿಹ್ನೆ. ಮನೆತನದ ನಿಲುವು ಮೂರು ತಲೆಮಾರು ಇಳಿದು ಬರುವಾಗ ಕಾರಣ ದಾರಿಯಲ್ಲೇ ಸೋರಿಹೋಗುತ್ತದೆ, ಹೆಸರು ಮಾತ್ರ ಮನೆ ಸೇರುತ್ತದೆ.

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. 1965ರಲ್ಲಿ ಅಮೆರಿಕದಲ್ಲಿ ಪ್ರೌಢಶಾಲೆ ಮುಗಿಸುತ್ತಿದ್ದ ವಿದ್ಯಾರ್ಥಿಗಳನ್ನೂ ಅವರ ತಂದೆತಾಯಿಯರನ್ನೂ ಬೇರೆ ಬೇರೆಯಾಗಿ ಪ್ರಶ್ನಿಸಿ ಜೆನ್ನಿಂಗ್ಸ್ ಮತ್ತು ನೀಮಿ ಎಂಬ ವಿದ್ವಾಂಸರು ಅಧ್ಯಯನ ನಡೆಸಿದರು. ಪಕ್ಷನಿಷ್ಠೆ ಹೆತ್ತವರಿಂದ ಮಕ್ಕಳಿಗೆ ಸಾಕಷ್ಟು ಹರಿದು ಬಂದಿತ್ತು. ಒಂದೊಂದು ವಿಷಯದ ಬಗೆಗಿನ ಅಭಿಪ್ರಾಯಗಳು ಮಾತ್ರ ಅಷ್ಟಾಗಿ ಬಂದಿರಲಿಲ್ಲ. ಅಲ್ಲಿಯೂ ಮಕ್ಕಳಿಗೆ ಕಾರಣಕ್ಕಿಂತ ಹೆಸರೇ ಹೆಚ್ಚಾಗಿ ದಕ್ಕಿತ್ತು.

ಒಂಬೈನೂರು ವರ್ಷಗಳ ಹಿಂದೆಯೇ ಇಮಾಮ್ ಗಝಾಲಿ(ರಹ) ಇದನ್ನು ಗಮನಿಸಿದ್ದರು. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿ, ಯಹೂದಿಗಳ ಮಕ್ಕಳು ಯಹೂದಿಗಳಾಗಿ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿ ಬೆಳೆಯುವುದನ್ನು ಕಂಡು, 'ಹಾಗಾದರೆ ನನ್ನ ನಂಬಿಕೆಯಲ್ಲಿ ನಾನು ಅರಿತದ್ದೆಷ್ಟು, ಕೇವಲ ಅನುಕರಿಸಿದ್ದೆಷ್ಟು?' ಎಂಬ ಪ್ರಶ್ನೆ ಅವರನ್ನು ಕಾಡಿತು. ಬಗ್ದಾದಿನ ನಿಝಾಮಿಯಾ ಮದ್ರಸದ ದೊಡ್ಡ ಹುದ್ದೆಯನ್ನು 1095ರಲ್ಲಿ ಬಿಟ್ಟು ಹೊರಟ ಆ ಮಹಾನ್ ವಿದ್ವಾಂಸರು ಈ ಶೋಧನೆಯ ಕಥೆಯನ್ನು 'ಅಲ್ ಮುನ್‌ಖಿಝ್' ಎಂಬ ಗ್ರಂಥದಲ್ಲಿ ಬರೆದಿಟ್ಟರು. ಹುಡುಕಾಟದ ಕೊನೆಯಲ್ಲಿ ಅವರು ಇಸ್ಲಾಮಿನಲ್ಲಿಯೇ ಇದ್ದರು, ಇನ್ನಷ್ಟು ದೃಢವಾಗಿ ಇದ್ದರು. ಪರೀಕ್ಷಿಸಿದವನು ಹಿರಿಯರ ದಾರಿಯನ್ನು ಬಿಡಲೇಬೇಕೆಂದಿಲ್ಲ. ಆದರೆ ಪರೀಕ್ಷೆಯ ಬಳಿಕ ಆ ದಾರಿ ಅವನದೇ ಆಗುತ್ತದೆ. ಹಿರಿಯರು ಹೀಗೆ ನಡೆದರು ಎಂಬುದನ್ನೇ ಪುರಾವೆಯಾಗಿ ಮುಂದಿಟ್ಟವರನ್ನು ಪವಿತ್ರ ಕುರ್‌ಆನ್ ಅಲ್ ಬಖರ ಅಧ್ಯಾಯದಲ್ಲಿ ಪ್ರಶ್ನಿಸುತ್ತದೆ. ಧರ್ಮದ ವಿಷಯದಲ್ಲೇ ಸಾಲದ ಪುರಾವೆ ಪಕ್ಷದ ವಿಷಯದಲ್ಲಿ ಸಾಕಾದೀತೇ?

ಗಾಯ

ಎರಡನೆಯ ಬಾಗಿಲು ಗಾಯ. ಹರೆಯದಲ್ಲಿ ತಗುಲಿದ ಪೆಟ್ಟು ಬಹುಕಾಲ ನಮ್ಮೊಳಗೆ ಮಾತಾಡುತ್ತದೆ.

1977ರ ಲೋಕಸಭಾ ಚುನಾವಣೆಯನ್ನು ನೆನಪಿಸಿಕೊಳ್ಳಿ. ತುರ್ತು ಪರಿಸ್ಥಿತಿ ಇಡೀ ದೇಶಕ್ಕೆ ಒಂದೇ ಆಗಿತ್ತು. ಉತ್ತರ ಪ್ರದೇಶದಲ್ಲಿ ಕಾಂಗ್ರೆಸ್ 85 ಸ್ಥಾನಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಕರ್ನಾಟಕದಲ್ಲಿ 28ರಲ್ಲಿ 26 ಸ್ಥಾನಗಳನ್ನು ಗೆದ್ದಿತು. ಅಲ್ಲಿನ ಬಡವರಿಗೆ ತುರ್ತು ಪರಿಸ್ಥಿತಿಯೆಂದರೆ ಬಲವಂತದ ಸಂತಾನಹರಣ ಚಿಕಿತ್ಸೆಯಾಗಿತ್ತು. ದಿಲ್ಲಿಯ ತುರ್ಕ್‌ಮನ್ ಗೇಟಿನ ಮುಸ್ಲಿಮರಿಗೆ 1976ರಲ್ಲಿ ಮನೆಗಳ ನೆಲಸಮವೂ ಗುಂಡೇಟೂ ಆಗಿತ್ತು. ನನ್ನ ಅಜ್ಜನಿಗಾದರೋ ಅದೇ ವರ್ಷಗಳು ಹೊಲ ಕೈಗೆ ಬಂದ ವರ್ಷಗಳು. ತುರ್ಕ್‌ಮನ್ ಗೇಟಿನ ಮುದುಕನೂ ನನ್ನ ಅಜ್ಜನೂ ಎದುರುಬದುರು ಕುಳಿತಿದ್ದರೆ ಒಬ್ಬರನ್ನೊಬ್ಬರು ಸುಳ್ಳರೆಂದು ಜರೆಯುತ್ತಿದ್ದರೇನೋ. ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿದ್ದರು. ಇಬ್ಬರೂ ಕಂಡದ್ದು ಅರ್ಧವನ್ನು.

ನನ್ನದೇ ಒಂದು ಮಾತನ್ನು ಹೇಳಬೇಕಾಗಿದೆ. ಹೇಳಲು ನಾಚಿಕೆಯಾಗುತ್ತದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರಕ್ಕಾಗಿ ಬೀದಿಗಿಳಿದಿದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಆಗ ನಾನು ಹತ್ತೊಂಬತ್ತರ ಹರೆಯದ ಮದ್ರಸ ವಿದ್ಯಾರ್ಥಿ, ದೂರದ ಊರಿನಲ್ಲಿದ್ದೆ. ಸುದ್ದಿ ಕೇಳಿ ಮನೆಗೆ ಫೋನ್ ಮಾಡಿದೆ. ನಾನು ಕೇಳಿದ ಮೊದಲ ಪ್ರಶ್ನೆ: "ಅಬ್ಬಾ, ಸತ್ತವರಲ್ಲಿ ನಮ್ಮವರು ಅದಾರೇನು?" ಇಲ್ಲವೆಂದು ತಿಳಿದಾಗ ಎದೆ ಹಗುರವಾಯಿತು. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಸತ್ತೋರು ರೈತರಪ್ಪ. ನಿನ್ನ ಅಜ್ಜ ಏನಾಗಿದ್ದ?"

ನಾನು ಸಣ್ಣವನಿದ್ದಾಗಿನಿಂದ ಗಲಭೆಗಳ ಸುದ್ದಿ ಕೇಳುತ್ತಾ ಬೆಳೆದವನು. ಎಲ್ಲಿ ಗುಂಡು ಹಾರಿದರೂ ಮೊದಲು ಈ ಪ್ರಶ್ನೆಯನ್ನೇ ಕೇಳಲು ಗಾಯ ನನಗೆ ಕಲಿಸಿತ್ತು. ಗಾಯ ಸುಳ್ಳಾಗಿರಲಿಲ್ಲ. ಆದರೆ ಅದು 'ನಮ್ಮವರು' ಎಂಬ ಪದವನ್ನು ನನ್ನ ಅಜ್ಜನೇ ಹೊರಗುಳಿಯುವಷ್ಟು ಕಿರಿದಾಗಿಸಿತ್ತು. ತನ್ನ ಜನರನ್ನು ಪ್ರೀತಿಸುವುದು ಪಕ್ಷಪಾತವಲ್ಲ, ಅನ್ಯಾಯದಲ್ಲಿ ಅವರಿಗೆ ನೆರವಾಗುವುದೇ ಪಕ್ಷಪಾತ ಎಂಬುದು ಪ್ರವಾದಿವರ್ಯರ(ಸ) ಬೋಧನೆಯ ಆಶಯ. ಅದನ್ನು ನಾನು ಕಂಠಪಾಠ ಮಾಡಿದ್ದೆ. ಫೋನಿನ ಬಳಿ ಅದು ನೆನಪಾಗಲಿಲ್ಲ.

ಇಂದಿನ ನಮ್ಮ ಹೆಣ್ಣುಮಕ್ಕಳ ಗಾಯ ಇನ್ನೂ ಹಸಿಯಾಗಿದೆ. 2022ರ ಫೆಬ್ರವರಿ 5ರ ಸಮವಸ್ತ್ರದ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು, ಇವೆಲ್ಲ ಅವರ ಪಾಲಿಗೆ ಪತ್ರಿಕೆಯ ಸುದ್ದಿಗಳಾಗಿರಲಿಲ್ಲ. ಕಾಲೇಜಿನ ಗೇಟಿನ ಹೊರಗೆ ನಿಂತ ಹದಿನಾರರ ಹುಡುಗಿಗೆ ರಾಜಕೀಯವೆಂದರೆ ಆ ಗೇಟು. ಅದನ್ನು ಮರೆ ಎಂದು ಅವಳಿಗೆ ಹೇಳಲು ನಮಗೆ ಹಕ್ಕಿಲ್ಲ. ಆದರೆ ಅವಳಿಗೆ ಇಷ್ಟನ್ನು ಹೇಳಬೇಕು: ನಿನ್ನ ಗಾಯವನ್ನು ಸಾಕ್ಷಿಯಾಗಿ ಕರೆ, ಅದನ್ನೇ ಖಾಝಿಯ ಆಸನದಲ್ಲಿ ಕೂರಿಸಬೇಡ. ಒಂದು ಜನಾಂಗದ ಮೇಲಿನ ಹಗೆ ನಿಮ್ಮನ್ನು ನ್ಯಾಯ ತಪ್ಪುವಂತೆ ಮಾಡಬಾರದೆಂದು ಅಲ್ ಮಾಇದ ಅಧ್ಯಾಯದಲ್ಲಿ ಅಲ್ಲಾಹನು ಆಜ್ಞಾಪಿಸಿದ್ದು ಗಾಯಗೊಂಡಿದ್ದ ಜನರಿಗೇ. ಗಾಯವೇ ಆಗದವರಿಗೆ ಆ ಆಜ್ಞೆ ಕಷ್ಟದ್ದಲ್ಲ.

ಅನ್ನ

ಮೂರನೆಯ ಬಾಗಿಲು ಅನ್ನದ್ದು. 2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರಲ್ಲಿ ಕೆಲವರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಮುಂದಿನ ವಾರ ನಾನು ಅಲ್ಲಿಗೆ ಹೋದಾಗ ಒಂದೇ ಘಟನೆಯ ಮೂರು ಕಥೆಗಳನ್ನು ಕೇಳಿದೆ. ರೈತನಿಗೆ ಅದು ವ್ಯಾಪಾರಿಗಳ ಕೂಟ. ವ್ಯಾಪಾರಿಗೆ ಅದು ಗೂಂಡಾಗಿರಿ. ಹಮಾಲನಿಗೆ ಅದು ಕೂಲಿಯಿಲ್ಲದ ದಿನಗಳು. ಮೂವರಲ್ಲೂ ನಮ್ಮ ಸಮುದಾಯದವರಿದ್ದರು. ಒಂದೇ ಮಸೀದಿಯಲ್ಲಿ ಒಂದೇ ಸಾಲಿನಲ್ಲಿ ನಿಂತು ನಮಾಝ್ ಮಾಡಿ ಹೊರಬಂದವರು ಮೆಟ್ಟಿಲ ಮೇಲೆ ಮೂರು ಪಕ್ಷವಾದರು. ಯಾರಿಗೆ ಅನ್ನ ಎಲ್ಲಿಂದ ಬರುತ್ತಿತ್ತೋ ಅವರ ನ್ಯಾಯವೂ ಅಲ್ಲಿಂದಲೇ ಬರುತ್ತಿತ್ತು.

ಇದನ್ನು ಹೇಳುವಾಗ ನಾನು ಯಾರನ್ನೂ ದೂಷಿಸುತ್ತಿಲ್ಲ. ಹೊಟ್ಟೆಯ ಪ್ರಶ್ನೆ ಸಣ್ಣದಲ್ಲ. ಆದರೆ ಪಾಲುಗಾರನ ಸಾಕ್ಷ್ಯವನ್ನು ಫಿಕ್ಹ್ ಏಕೆ ಬದಿಗಿಡುತ್ತದೆ ಎಂಬುದು ಆ ಮೆಟ್ಟಿಲ ಮೇಲೆ ನನಗೆ ಅರ್ಥವಾಯಿತು.

ಕೇಳಿದ್ದು ಮತ್ತು ಕಂಡದ್ದು

ಸಾಕ್ಷಿಯ ಇನ್ನೊಂದು ನಿಯಮವಿದೆ. ಸಾಕ್ಷಿ ನುಡಿಯುವವನು ತಾನೇ ಕಂಡು ಅರಿತದ್ದನ್ನು ನುಡಿಯಬೇಕು. ಬರಿಯ ಕೇಳಿಕೆಯ ಮೇಲೆ ಸಾಕ್ಷ್ಯ ಸಲ್ಲುವುದು ವಂಶ, ವಿವಾಹ, ಮರಣ ಮುಂತಾದ ಕೆಲವೇ ವಿಷಯಗಳಲ್ಲಿ. ನಮ್ಮ ರಾಜಕೀಯ ಜ್ಞಾನದಲ್ಲಿ ಕಂಡದ್ದೆಷ್ಟು, ಕೇಳಿದ್ದೆಷ್ಟು? ಹಿಂದೆ ಚಹಾದಂಗಡಿಯ ಬೆಂಚಿನ ಮೇಲೆ ಕೇಳುತ್ತಿದ್ದೆವು, ಈಗ ಅಂಗೈಯಲ್ಲಿರುವ ಮೊಬೈಲಿನಲ್ಲಿ ಕೇಳುತ್ತೇವೆ. ಬೆಂಚಿನ ಮೇಲೆ ವಿರುದ್ಧ ಪಕ್ಷದವನೊಬ್ಬನಾದರೂ ಕುಳಿತಿರುತ್ತಿದ್ದ. ಮೊಬೈಲಿನ ಗುಂಪಿನಲ್ಲಿ ಅವನೂ ಇಲ್ಲ.

ಸಹವಾಸದ ಬಲ ಸಣ್ಣದಲ್ಲ. 1930ರ ದಶಕದಲ್ಲಿ ಅಮೆರಿಕದ ಬೆನ್ನಿಂಗ್ಟನ್ ಎಂಬ ಮಹಿಳಾ ಕಾಲೇಜಿನಲ್ಲಿ ನ್ಯೂಕೂಂಬ್ ಎಂಬ ಪ್ರಾಧ್ಯಾಪಕರು ನಡೆಸಿದ ಅಧ್ಯಯನ ಪ್ರಸಿದ್ಧವಾಗಿದೆ. ಸಂಪ್ರದಾಯವಾದಿ ಶ್ರೀಮಂತ ಮನೆಗಳಿಂದ ಬಂದ ಅನೇಕ ಹುಡುಗಿಯರ ನಿಲುವು ಅಲ್ಲಿನ ಉದಾರವಾದಿ ವಾತಾವರಣದಲ್ಲಿ ಕೆಲವೇ ವರ್ಷಗಳಲ್ಲಿ ಬದಲಾಯಿತು. ಸುಮಾರು ಇಪ್ಪತ್ತೈದು ವರ್ಷಗಳ ಬಳಿಕ ವಿಚಾರಿಸಿದಾಗಲೂ ಅವರಲ್ಲಿ ಹೆಚ್ಚಿನವರು ಆ ಹೊಸ ನಿಲುವಿನಲ್ಲೇ ಇದ್ದರು. ಹರೆಯದಲ್ಲಿ ಯಾರೊಡನೆ ಕುಳಿತೆವೋ ಅವರ ದನಿ ನಡುವಯಸ್ಸಿನಲ್ಲೂ ನಮ್ಮ ಬಾಯಿಂದ ಹೊರಡುತ್ತದೆ.

ಸುದ್ದಿಯೊಳಗೆ ಸುಳ್ಳು ಹೇಗೆ ಸೇರುತ್ತದೆ ಎಂಬುದಕ್ಕೆ ಇಬ್ನ್ ಖಲ್ದೂನ್ ಹದಿನಾಲ್ಕನೇ ಶತಮಾನದಲ್ಲಿ ತನ್ನ 'ಮುಖದ್ದಿಮ'ದಲ್ಲಿ ಕಾರಣಗಳನ್ನು ಪಟ್ಟಿ ಮಾಡಿದ್ದಾನೆ. ಅದರಲ್ಲಿ ಮೊದಲಿಗೆ ಬರುವುದು ಪಕ್ಷಾಭಿಮಾನ. ಮನಸ್ಸು ಒಂದು ಕಡೆಗೆ ವಾಲಿದ್ದರೆ ತನಗೆ ಒಪ್ಪುವ ಸುದ್ದಿಯನ್ನು ಪರೀಕ್ಷಿಸದೆ ನುಂಗಿಬಿಡುತ್ತದೆ ಎಂಬುದು ಅವನ ಅಭಿಪ್ರಾಯ. ಬ್ಯಾಡಗಿಯ ಖರೀದಿದಾರರನ್ನು ನೋಡಿ. ಚೀಲಕ್ಕೆ ಕೈಹಾಕಿ ಕಾಯಿ ತೆಗೆದು, ಮುರಿದು, ಬಣ್ಣ ನೋಡಿ, ತೇವವಿದೆಯೇ ಎಂದು ಪರೀಕ್ಷಿಸಿದ ಮೇಲೆಯೇ ದರ ಬರೆಯುತ್ತಾರೆ. ಮೆಣಸಿನಕಾಯಿಯನ್ನು ಮುರಿದು ನೋಡುವ ನಾವು ಮಾತನ್ನು ಮುರಿದು ನೋಡದೆ ಮನೆಗೆ ಹೊತ್ತು ತರುತ್ತೇವೆ.

ಬದಲಾಗುವುದು ಅವಮಾನವೇ?

'ಮಾತು ಬದಲಿಸುವವನು ಗಂಡಸಲ್ಲ' ಎಂಬ ಮಾತು ನಮ್ಮಲ್ಲಿದೆ. ಹಣಕ್ಕಾಗಿ ಪಕ್ಷ ಬದಲಿಸುವವರನ್ನು ಕಂಡು ಜನ ಹೀಗೆ ಹೇಳಿದರೆ ತಪ್ಪಲ್ಲ. ಆದರೆ ಸತ್ಯ ಕಂಡು ಬದಲಾಗುವುದು ಬೇರೆ. ಇಮಾಮ್ ಶಾಫಿಈ(ರಹ) ಇರಾಕಿನಿಂದ ಈಜಿಪ್ಟಿಗೆ ಹೋದ ಬಳಿಕ ತಮ್ಮ ಅನೇಕ ತೀರ್ಮಾನಗಳನ್ನು ಬದಲಿಸಿದರು. ಅವರ ಹಳೆಯ ಅಭಿಪ್ರಾಯ, ಹೊಸ ಅಭಿಪ್ರಾಯ ಎಂಬ ವಿಂಗಡಣೆಯನ್ನು ಕರಾವಳಿಯ ನಮ್ಮ ಶಾಫಿಈ ಸಹೋದರರು ಇಂದಿಗೂ ಓದುತ್ತಾರೆ. ನಮ್ಮ ಇಮಾಮ್ ಅಬೂ ಹನೀಫಾರ(ರಹ) ನೆಚ್ಚಿನ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್(ರಹ) ಎಷ್ಟೋ ವಿಷಯಗಳಲ್ಲಿ ಗುರುವಿನಿಂದ ಭಿನ್ನವಾಗಿ ತೀರ್ಪು ನೀಡಿದರು. ಅವರನ್ನು ಯಾರೂ ಗುರುದ್ರೋಹಿಗಳೆನ್ನಲಿಲ್ಲ. ದೀನಿನ ಪಂಡಿತರಿಗೆ ಇದ್ದ ಧೈರ್ಯ ಪಕ್ಷದ ವಿಷಯದಲ್ಲಿ ನಮಗೇಕೆ ಇಲ್ಲ?

ಇಲ್ಲಿ ಓದುಗರಲ್ಲಿ ಕೆಲವರು ಕೇಳಬಹುದು: "ಮೌಲಾನಾ, ಇದೆಲ್ಲ ನೆಮ್ಮದಿಯಲ್ಲಿರುವವರ ಮಾತು. ನಮಗೆ ಆಯ್ಕೆ ಎಲ್ಲಿದೆ? ಯಾರಿಂದ ಕೇಡು ಕಡಿಮೆಯೋ ಅವರಿಗೆ ಮತ." ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಎರಡು ಕೇಡುಗಳ ನಡುವೆ ಸಿಲುಕಿದಾಗ ಹಗುರವಾದುದನ್ನು ಆರಿಸಿಕೊಳ್ಳಲು ಫಿಕ್ಹ್ ಅನುಮತಿ ನೀಡುತ್ತದೆ. ಆದರೆ ಅದನ್ನು ಅದರ ಹೆಸರಿನಿಂದಲೇ ಕರೆಯೋಣ. ಭಯದಿಂದ ಮಾಡಿದ ಆಯ್ಕೆ ಒಂದು ದಿನದ ಆಯ್ಕೆ. ಅದನ್ನೇ ನಂಬಿಕೆಯೆಂದು ಮಕ್ಕಳಿಗೆ ಕಲಿಸಿದರೆ ಅವರಿಗೆ ನಾವು ಭಯವನ್ನೇ ಆಸ್ತಿಯಾಗಿ ಬಿಟ್ಟುಹೋಗುತ್ತೇವೆ. ಭಯಪಡುವ ಮತವನ್ನು ಯಾರೂ ಗೌರವಿಸುವುದಿಲ್ಲ. ಕಡಿಮೆ ಕೇಡಿನವನೂ ಅದು ಹೇಗಿದ್ದರೂ ತನ್ನದೇ ಎಂದುಕೊಂಡು ಮೋರಿ, ಶಾಲೆ, ನೀರಿನ ಮಾತು ಬಂದಾಗ ನಮ್ಮ ಓಣಿಯನ್ನು ಕೊನೆಗೆ ಇಡುತ್ತಾನೆ.

ಪ್ರವಾದಿವರ್ಯರು(ಸ) ಪ್ರವಾದಿತ್ವಕ್ಕೆ ಮುಂಚೆ ಮಕ್ಕಾದ 'ಹಿಲ್ಫುಲ್ ಫುಝೂಲ್' ಒಪ್ಪಂದದಲ್ಲಿ ಪಾಲ್ಗೊಂಡಿದ್ದರು. ಯಾವ ಕುಲದವನಾದರೂ ಸರಿ, ಅನ್ಯಾಯಕ್ಕೊಳಗಾದವನ ಪರ ನಿಲ್ಲುವ ಒಪ್ಪಂದವದು. ಅಂಥದಕ್ಕೆ ಇಸ್ಲಾಮಿನ ಕಾಲದಲ್ಲಿ ಕರೆದರೂ ಬರುವೆನೆಂದು ಅವರು ಮುಂದೆ ತಿಳಿಸಿದರು. ನಮ್ಮ ನಿಲುವಿಗೆ ಇದಕ್ಕಿಂತ ಒಳ್ಳೆಯ ಬುನಾದಿ ಬೇಕೇ?

ಒಂದು ಪರೀಕ್ಷೆ

ಮನೆ, ಗಾಯ, ಅನ್ನ. ಈ ಮೂರು ಬಾಗಿಲುಗಳನ್ನು ಮುಚ್ಚಿ ಬದುಕಲು ಯಾರಿಂದಲೂ ಸಾಧ್ಯವಿಲ್ಲ. ಹಾಗಾದರೆ ನಮ್ಮ ನಿಲುವು ನಿಜವೋ ಎರವಲೋ ಎಂದು ತಿಳಿಯುವುದು ಹೇಗೆ? ಫಿಕ್ಹ್ ಇದಕ್ಕೂ ಒಂದು ದಾರಿ ತೋರಿಸುತ್ತದೆ. ತನ್ನ ಪರವಾಗಿ ನುಡಿಯುವವನನ್ನು ಸಂಶಯಿಸುವ ಅದೇ ಖಾಝಿ, ಬುದ್ಧಿ ಬಲಿತವನೊಬ್ಬ ತನ್ನ ವಿರುದ್ಧ ತಾನೇ ಇಷ್ಟಪಟ್ಟು ನುಡಿದರೆ ಬೇರೆ ಸಾಕ್ಷಿ ಕೇಳದೆ ಒಪ್ಪುತ್ತಾನೆ. ಇದಕ್ಕೆ 'ಇಕ್‌ರಾರ್' ಎನ್ನುತ್ತಾರೆ. ನಿಮ್ಮ ವಿರುದ್ಧವಾದರೂ, ಹೆತ್ತವರ ಮತ್ತು ಬಂಧುಗಳ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಿರೆಂಬ ಅನ್ನಿಸಾ ಅಧ್ಯಾಯದ ಆಜ್ಞೆಯ ತಾತ್ಪರ್ಯವೂ ಇದೇ.

ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಹರೆಯದಲ್ಲೇ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದವರು. 1943ರ ಏಪ್ರಿಲ್ 1ರಂದು ಹಾವೇರಿ ಬಳಿಯ ಹೊಸರಿತ್ತಿಯಲ್ಲಿ ಇಬ್ಬರು ಸಂಗಾತಿಗಳೊಡನೆ ಗುಂಡಿಗೆ ಬಲಿಯಾದರು. ಆ ನಿಲುವಿನಿಂದ ಅವರ ಮನೆಗೆ ಲಾಭವೇನೂ ಬರಲಿಲ್ಲ. ಪ್ರಾಣ ಕೊಡಬೇಕೆಂದು ನಾನು ನಿಮ್ಮನ್ನು ಕೇಳುತ್ತಿಲ್ಲ. ನನ್ನ ಪ್ರಶ್ನೆ ಬಹಳ ಸಣ್ಣದು. ನಿಮ್ಮ ರಾಜಕೀಯ ಮಾತಿನಿಂದ ಕೊನೆಯ ಬಾರಿ ನಿಮಗೆ ನಷ್ಟವಾದದ್ದು ಯಾವಾಗ? ನಿಮ್ಮ ಮೆಚ್ಚಿನ ಪಕ್ಷ ಅನ್ಯಾಯ ಮಾಡಿದಾಗ, 'ಇದು ಅನ್ಯಾಯ' ಎಂದು ನಿಮ್ಮವರ ಎದುರಿಗೇ ಹೇಳಿದ್ದು ಯಾವಾಗ? ಒಮ್ಮೆಯೂ ನಮಗೆ ನಷ್ಟ ತರದ ನಿಲುವನ್ನು ಸಂಶಯದಿಂದ ನೋಡುವುದು ಲೇಸು.

ನನ್ನ ಉತ್ತರ ಹೇಳಿಬಿಡುತ್ತೇನೆ. ಮಿಂಬರಿನ ಮೇಲೆ ನಾನು ಅನೇಕ ಸಲ ಎದುರಾಳಿಗಳ ಅನ್ಯಾಯವನ್ನು ಖಂಡಿಸಿದ್ದೇನೆ. ನಮ್ಮವರೇ ಆದ ಪುಢಾರಿಗಳು ಚುನಾವಣೆಯ ಹಿಂದಿನ ರಾತ್ರಿ ನಮ್ಮ ಓಣಿಗಳಲ್ಲಿ ಹಣ ಹಂಚಿದ್ದನ್ನು ಬಲ್ಲೆ. ಅದರ ಬಗ್ಗೆ ಒಂದು ಜುಮಾದಲ್ಲಿಯೂ ಮಾತಾಡಿಲ್ಲ. ಮಸೀದಿಯ ಕೆಲಸ ಹೋದೀತೆಂಬ ಅಂಜಿಕೆ ನನ್ನ ನಾಲಗೆಯನ್ನು ಹಿಡಿದಿತ್ತು. ಇದು ನನ್ನ ಇಕ್‌ರಾರ್.

ಆ ಹುಡುಗನಿಗೆ ಮರುದಿನ ಉತ್ತರ ಹೇಳಿದೆ: "ಪಾರ್ಟಿ ಯಾವುದು ಅಂತ ಈಗ ಬ್ಯಾಡ. ಎಂಟು ವರ್ಷ ಐತಿ. ನಿಮ್ಮ ಅಬ್ಬಾಗ ಒಂದ ಪ್ರಶ್ನೆ ಕೇಳು, 'ಯಾಕ?' ಅಂತ. ಅವರ ಉತ್ತರ ಕೇಳಿದ ಮ್ಯಾಲೆ ನಿಮ್ಮ ಓಣಿಯಾಚೆಯ ನಿನ್ನ ಗೆಳೆಯನ ಅಪ್ಪಗೂ ಅದನ್ನ ಕೇಳು." ಹುಡುಗ ತಲೆಯಾಡಿಸಿ, ಚಪ್ಪಲಿ ಮೆಟ್ಟಿ ಓಡಿದ. ಈ ಲೇಖನ ಓದುತ್ತಿರುವ ತಂದೆಯರಲ್ಲಿ ಒಬ್ಬರು ಅವನ ತಂದೆಯಾಗಿರಬಹುದು. ಸಂಜೆ ಅವನು ಬಂದು 'ಯಾಕ?' ಎಂದು ಕೇಳಿದರೆ ದಯವಿಟ್ಟು ಗದರಿಸಬೇಡಿ. ಕಾರಣವಿದ್ದರೆ ಹೇಳಿ. ಇಲ್ಲದಿದ್ದರೆ ಇಲ್ಲವೆಂದೇ ಹೇಳಿ. ಅದೂ ಒಂದು ಸತ್ಯಸಾಕ್ಷ್ಯವೇ.

ನಮ್ಮ ನಾಲಗೆಯನ್ನೂ ನಮ್ಮ ಮತವನ್ನೂ ಸುಳ್ಳುಸಾಕ್ಷ್ಯದಿಂದ ಕಾಪಾಡುವ ಸದ್ಬುದ್ಧಿಯನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.